ಕುಕ್ಕರಹಳ್ಳಿ ಕೆರೆಯ ಪಂಕ್ತಿಭೋಜನ

ಮೈಸೂರಿಗೆ ಬಂದ ಪ್ರವಾಸಿಗಳು ಅರಮನೆಯನ್ನು ನೋಡುತ್ತಾರೆ, ಮೃಗಾಲಯವನ್ನು ನೋಡುತ್ತಾರೆ, ಬೆಟ್ಟಕ್ಕೆ ಹೋಗಿ ಚಾಮುಂಡೇಶ್ವರಿಗೆ ಕೈಮುಗಿಯುತ್ತಾರೆ. ಸಂಜೆಯ ಹೊತ್ತಿಗೆ ಬೃಂದಾವನದ ದೀಪಗಳ ಮುಂದೆ ನಿಂತಿರುತ್ತಾರೆ. ಮರುದಿನ ಬೆಳಿಗ್ಗೆ ರೈಲು ಹಿಡಿಯುವ ಅವಸರ. ಊರಿನ ಪಶ್ಚಿಮ ಭಾಗದಲ್ಲಿ, ವಿಶ್ವವಿದ್ಯಾನಿಲಯದ ಕ್ರಾಫರ್ಡ್ ಭವನದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ, ದಿನವೂ ಒಂದು ದೊಡ್ಡ ಸಮಾರಂಭ ನಡೆಯುತ್ತಿರುತ್ತದೆಂಬುದು ಅವರಿಗೆ ತಿಳಿಯುವುದೇ ಇಲ್ಲ. ಪ್ರವಾಸಿಗಳ ಮಾತು ಹಾಗಿರಲಿ. ಮೈಸೂರಿನವರಲ್ಲೂ ಅನೇಕರಿಗೆ ಕುಕ್ಕರಹಳ್ಳಿ ಕೆರೆಯೆಂದರೆ ಬೆಳಗಿನ ನಡಿಗೆಯ ಸ್ಥಳ, ಸಕ್ಕರೆ ಕಾಯಿಲೆಗೆ ವೈದ್ಯರು ಬರೆದುಕೊಟ್ಟ ಔಷಧಿಯ ಒಂದು ಭಾಗ. ಏರಿಯ ಮೇಲೆ ಬಿರಬಿರನೆ ನಡೆಯುತ್ತ ಮಗನ ಉದ್ಯೋಗ, ಮಗಳ ಮದುವೆ, ತರಕಾರಿಯ ಬೆಲೆ ಎಲ್ಲವನ್ನೂ ಮಾತಾಡಿ ಮುಗಿಸಿ ಮನೆಗೆ ಮರಳುವ ಹಿರಿಯರು, ತಮ್ಮ ಪಕ್ಕದಲ್ಲಿಯೇ ನೂರಾರು ಅತಿಥಿಗಳು ಊಟಕ್ಕೆ ಕುಳಿತಿದ್ದುದನ್ನು ಗಮನಿಸಿರುವುದಿಲ್ಲ.

ಆ ಅತಿಥಿಗಳು ಹಕ್ಕಿಗಳು. ಅವರ ಪಂಕ್ತಿಯನ್ನು ಒಂದು ಸುತ್ತು ನೋಡಿ ಬರೋಣ. ಯಾರು ಎಲ್ಲಿ ಕುಳಿತಿದ್ದಾರೆ, ಏಕೆ ಅಲ್ಲಿಯೇ ಕುಳಿತಿದ್ದಾರೆ ಎಂಬುದು ಒಮ್ಮೆ ಮನಸ್ಸಿಗೆ ಬಂದರೆ, ಕೆರೆಯನ್ನು ನೋಡುವ ನಮ್ಮ ಕಣ್ಣೇ ಬೇರೆಯಾಗುತ್ತದೆ.

ಕಟ್ಟಿದವರು, ಸುತ್ತಿದವರು

ಕುಕ್ಕರಹಳ್ಳಿ ಕೆರೆ ತಾನಾಗಿ ಹುಟ್ಟಿದ ಸರೋವರವಲ್ಲ. ಮನುಷ್ಯರು ಮಣ್ಣು ಹೊತ್ತು ಕಟ್ಟಿದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ಆಸಕ್ತಿಯಿಂದ 1864ರಲ್ಲಿ ಇದು ಸಿದ್ಧವಾಯಿತು. ಊರಾಚೆಯ ಜಮೀನುಗಳಿಗೆ ನೀರುಣಿಸುವುದು ಇದರ ಮೊದಲ ಉದ್ದೇಶ. ಒಂದು ಕಾಲಕ್ಕೆ ನಗರದ ಜನರ ನೀರಿಗೂ ಇದು ಆಸರೆಯಾಗಿತ್ತು. ಸುಮಾರು 150 ಎಕರೆಗಳಷ್ಟು ವಿಸ್ತಾರವಾದ ಈ ಕೆರೆಗೆ ಮಳೆಯ ನೀರನ್ನು ಹೊತ್ತು ತರುತ್ತಿದ್ದ ಕಾಲುವೆ ಇಂದಿಗೂ ದಿವಾನ್ ಪೂರ್ಣಯ್ಯನವರ ಹೆಸರಿನಿಂದಲೇ ಕರೆಸಿಕೊಳ್ಳುತ್ತದೆ. ಕಾಲಕ್ರಮದಲ್ಲಿ ಊರು ಬೆಳೆಯಿತು. ಗದ್ದೆಗಳಿದ್ದಲ್ಲಿ ಬಡಾವಣೆಗಳೆದ್ದವು. ನೀರು ಬೇಡುವ ಪೈರೇ ಇಲ್ಲವಾದ ಮೇಲೆ ಕೆರೆಯು ನಿವೃತ್ತನಾದ ನೌಕರನಂತೆ ಊರ ನಡುವೆ ಉಳಿದುಕೊಂಡಿತು.

ಆದರೆ ಈ ನಿವೃತ್ತ ಜೀವನವೂ ಬರಿದಾದುದಲ್ಲ. 1960ರಲ್ಲಿ ಕೆರೆಯ ಮಗ್ಗುಲಿಗೇ ಮಾನಸಗಂಗೋತ್ರಿ ತಲೆಯೆತ್ತಿತು. ಕೆರೆಯ ಆಡಳಿತ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಮಾನಸಗಂಗೋತ್ರಿಗೆ ಹೆಸರಿಟ್ಟ ಕುವೆಂಪು ಅವರಿಗೆ ಈ ಕೆರೆಯ ದಡ ಬಹುಕಾಲದ ಸಂಗಾತಿ. ಇಲ್ಲಿಯ ಸೂರ್ಯೋದಯ ಸೂರ್ಯಾಸ್ತಗಳು ಅವರ ಕಾವ್ಯಕ್ಕೆ ಒದಗಿ ಬಂದುದನ್ನು ಕನ್ನಡಿಗರು ಬಲ್ಲರು. ಮಾಲ್ಗುಡಿಯನ್ನು ಸೃಷ್ಟಿಸಿದ ಆರ್. ಕೆ. ನಾರಾಯಣರೂ ಈ ದಡದಲ್ಲಿ ನಡೆದಾಡಿದವರೇ. ಎರಡು ಭಾಷೆಗಳ ಇಬ್ಬರು ದೊಡ್ಡ ಲೇಖಕರಿಗೆ ಒಂದೇ ಕೆರೆಯ ಗಾಳಿ ಸಿಕ್ಕಿತೆಂಬುದು ಮೈಸೂರಿಗೆ ಹೆಮ್ಮೆಯ ವಿಷಯವಲ್ಲವೆ?

ನೋಡುವುದಕ್ಕೂ ಒಂದು ಕ್ರಮ

ಹಕ್ಕಿಗಳನ್ನು ನೋಡಲು ಹೋಗುವವರು ಸೂರ್ಯನೊಡನೆ ಎದ್ದರೆ ಸಾಕು, ಸೂರ್ಯನಿಗಿಂತ ಮುಂಚೆ ಏಳಬೇಕಾದುದಿಲ್ಲ. ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಒಳ್ಳೆಯ ಹೊತ್ತು. ಸಂಜೆ ನಾಲ್ಕೂವರೆಯ ಮೇಲೆ ಇನ್ನೊಂದು ಒಳ್ಳೆಯ ಹೊತ್ತು. ನಡುಹಗಲಿನಲ್ಲಿ ಹಕ್ಕಿಗಳೂ ನಮ್ಮಂತೆಯೇ ತೂಕಡಿಸುತ್ತವೆ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನಿಂತರೆ ಹಕ್ಕಿಯ ಬಣ್ಣ ಕಾಣುತ್ತದೆ. ಎದುರಿಗಿಟ್ಟುಕೊಂಡರೆ ಎಲ್ಲ ಹಕ್ಕಿಯೂ ಕಾಗೆಯೇ. ಕಣ್ಣಿಗೆ ಹೊಡೆಯುವ ಕೆಂಪು, ಹಳದಿ ಉಡುಪುಗಳನ್ನು ಮದುವೆಮನೆಗೆ ಮೀಸಲಿಡಬೇಕು. ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ದುರ್ಬೀನು ಮನೆಮಂದಿಗೆಲ್ಲ ಸಾಕು. ಅದಿಲ್ಲದಿದ್ದರೂ ಬಾಧಕವಿಲ್ಲ, ಕೆರೆಯ ಹಕ್ಕಿಗಳು ದೊಡ್ಡವು, ಬಯಲಿನಲ್ಲಿ ಕುಳಿತಿರುವಂಥವು. ದುರ್ಬೀನಿಗಿಂತ ಮುಖ್ಯವಾದುದು ಒಂದೆಡೆ ಅರ್ಧ ಗಂಟೆ ಸುಮ್ಮನೆ ಕುಳಿತಿರುವ ಅಭ್ಯಾಸ. ಅದು ಮಕ್ಕಳಿಗೆ ಕಷ್ಟ ಎನ್ನುವವರುಂಟು. ವಾಸ್ತವದಲ್ಲಿ ಅದು ಕಷ್ಟವಾಗುವುದು ದೊಡ್ಡವರಿಗೇ.

"ಅಪ್ಪಾ, ಅದು ಬಾತುಕೋಳಿಯೆ?" ಎಂದು ಮಗು ಕೇಳುತ್ತದೆ. ನೀರಿನ ಮೇಲೆ ತೇಲುವುದೆಲ್ಲ ನಮಗೆ ಬಾತುಕೋಳಿ, ದಡದಲ್ಲಿ ನಿಂತದ್ದೆಲ್ಲ ಕೊಕ್ಕರೆ. ಹೌದೆಂದುಬಿಟ್ಟರೆ ಪ್ರಶ್ನೆ ಅಲ್ಲಿಗೆ ಮುಗಿಯಿತು. "ನೋಡು ಮಗು, ಅದು ಮುಳುಗುತ್ತದೆಯೆ, ತೇಲುತ್ತದೆಯೆ? ಮುಳುಗಿದರೆ ಎಷ್ಟು ಹೊತ್ತು? ಎಲ್ಲಿ ಮೇಲೇಳುತ್ತದೆ?" ಎಂದು ಮರುಪ್ರಶ್ನೆ ಹಾಕಿದರೆ ಪಾಠ ಆರಂಭವಾಗುತ್ತದೆ. ಹಕ್ಕಿಯ ಹೆಸರನ್ನು ಪುಸ್ತಕದಿಂದ ಆಮೇಲೆ ಹುಡುಕಿಕೊಳ್ಳಬಹುದು. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ' ಅದಕ್ಕೆ ಒದಗುತ್ತದೆ. ಆದರೆ ಹಕ್ಕಿಯ ಕಸುಬನ್ನು ಕೆರೆಯ ದಡದಲ್ಲಿಯೇ ತಿಳಿಯಬೇಕು.

ಒಂದೇ ಎಲೆ, ಬೇರೆ ಬೇರೆ ಸ್ಥಾನ

ಕೆರೆಯ ಊಟದ ಮೊದಲ ನಿಯಮ ಇದು: ಯಾರ ಕಾಲು ಎಷ್ಟುದ್ದವೋ, ಯಾರ ಕೊಕ್ಕು ಹೇಗಿದೆಯೋ, ಅದಕ್ಕೆ ತಕ್ಕಂತೆ ಸ್ಥಾನ. ಒಬ್ಬರ ತುತ್ತಿಗೆ ಇನ್ನೊಬ್ಬರು ಕೈಹಾಕುವುದು ವಿರಳ. ನೀರಿನ ಆಳವನ್ನು ಅಳೆಯಲು ಇಲ್ಲಿ ಅಳತೆಗೋಲು ಬೇಡ. ಹಕ್ಕಿಗಳು ನಿಂತ ಜಾಗವನ್ನು ನೋಡಿದರೆ ಸಾಕು.

ನಡುಗೆರೆಯ ಆಳದಲ್ಲಿ ಈಜುಗಾರರ ಮತ್ತು ಮುಳುಗುಗಾರರ ಸಾಲು. ಎಲ್ಲಕ್ಕೂ ಹಿರಿಯನಾದವನು ಹೆಜ್ಜಾರ್ಲೆ. ಐದಾರು ಕಿಲೋಗ್ರಾಮಿನವರೆಗೂ ತೂಗುವ, ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಮಿಕ್ಕುವ ಈ ಹಕ್ಕಿ ನೀರಿನಿಂದ ಏಳುವಾಗ ಪಡುವ ಪಾಡನ್ನು ನೋಡಿದವರು, ಇದು ಆಕಾಶದಲ್ಲಿ ಅಷ್ಟು ಸಲೀಸಾಗಿ ತೇಲುವುದನ್ನು ನಂಬಲಾರರು. ಇದರ ಕೊಕ್ಕಿನಡಿಯ ಚೀಲ ಬುತ್ತಿ ಕಟ್ಟಿಕೊಳ್ಳುವ ಚೀಲವೆಂದು ಹಲವರು ತಿಳಿದಿದ್ದಾರೆ. ಅದು ಬುತ್ತಿಯ ಚೀಲವಲ್ಲ, ಮೀನಿನ ಬಲೆ. ಮೀನನ್ನು ನೀರಿನ ಸಮೇತ ಮೊಗೆದು, ನೀರನ್ನು ಬಸಿದು, ಮೀನನ್ನು ಅಲ್ಲಿಯೇ ನುಂಗಿಬಿಡುತ್ತದೆ. ಪ್ರಪಂಚದಲ್ಲಿ ವಿರಳವಾಗುತ್ತಿರುವ ಹಕ್ಕಿಗಳ ಅಂಚಿನ ಪಟ್ಟಿಯಲ್ಲಿ ಇದರ ಹೆಸರಿದೆ. ಅಂಥದೊಂದು ಪ್ರಾಣಿ ಮೈಸೂರಿನ ಬಸ್ಸುಗಳ ಸದ್ದು ಕೇಳುವಷ್ಟು ಸಮೀಪದಲ್ಲಿ ನಿಶ್ಚಿಂತೆಯಾಗಿ ಮೀನು ಹಿಡಿಯುತ್ತಿದೆ.

ಹೆಜ್ಜಾರ್ಲೆಯ ನೆರೆಯಲ್ಲಿ ನೀರುಕಾಗೆಗಳ ಗುಂಪು. ಒಂದರ ಹಿಂದೊಂದು ಮುಳುಗಿ, ಮೀನುಗಳನ್ನು ಅಟ್ಟಿ ಹಿಡಿದು, ಆಮೇಲೆ ಒಣಮರದ ಮೇಲೆ ಕುಳಿತು ರೆಕ್ಕೆಗಳನ್ನು ಹರಡಿಕೊಳ್ಳುತ್ತವೆ. ಮಡಿಬಟ್ಟೆ ಒಣಗಲು ಹಾಕಿದಂತೆ. ನೀರುಹಕ್ಕಿಗೆ ರೆಕ್ಕೆ ನೆನೆಯುವುದು ಕೊರತೆಯಲ್ಲವೆ ಎಂದು ನೀವು ಕೇಳಬಹುದು. ನೆನೆದ ರೆಕ್ಕೆಯಿಂದಲೇ ಅದಕ್ಕೆ ನೀರಿನಲ್ಲಿ ಮುಳುಗುವುದು ಹಗುರವಾಗುತ್ತದೆ. ಅದರ ದಾಯಾದಿ ಹಾವಕ್ಕಿ ಮೈಯನ್ನೆಲ್ಲ ನೀರಿನಲ್ಲಿ ಅಡಗಿಸಿ, ಕತ್ತನ್ನು ಮಾತ್ರ ಹೊರಗಿಟ್ಟು ಈಜುವಾಗ ಹೊಸಬರು ಹಾವೆಂದು ಬೆಚ್ಚುವುದುಂಟು. ಇದು ಮೀನನ್ನು ಕಚ್ಚುವುದಿಲ್ಲ, ಭರ್ಜಿಯಂಥ ಕೊಕ್ಕಿನಿಂದ ತಿವಿಯುತ್ತದೆ. ಮೇಲೆ ಬಂದು ಮೀನನ್ನು ಗಾಳಿಗೆ ಚಿಮ್ಮಿ, ತಲೆಯ ಕಡೆಯಿಂದ ನುಂಗುತ್ತದೆ. ಹಣೆಯ ಮೇಲೆ ಬಿಳಿಯ ಗುರುತು ಹೊತ್ತು ತೇಲುವ ಕಪ್ಪು ಹಕ್ಕಿಗೆ ನಮ್ಮವರು ನಾಮದ ಕೋಳಿ ಎಂದು ಹೆಸರಿಟ್ಟರು. ಇದಕ್ಕಿಂತ ತಕ್ಕ ಹೆಸರನ್ನು ಯಾವ ಪಂಡಿತನೂ ಇಡಲಾರ. ಮುಷ್ಟಿಯಷ್ಟೇ ಇರುವ ಗುಳುಮುಳುಕ ಕಣ್ಣು ಮಿಟುಕಿಸುವಷ್ಟರಲ್ಲಿ ಮುಳುಗಿ ಇನ್ನೆಲ್ಲೋ ಏಳುತ್ತದೆ. ಮರಿಗಳ ಕಾಲದಲ್ಲಿ ಅವನ್ನು ಬೆನ್ನ ಮೇಲೆ ಕೂರಿಸಿಕೊಂಡು ತಿರುಗುತ್ತದೆ.

ಎರಡನೆಯ ಪಂಕ್ತಿ ಮೊಣಕಾಲುದ್ದ ನೀರಿನದು. ಇಲ್ಲಿ ಬಣ್ಣದ ಕೊಕ್ಕರೆಯದೇ ಸೊಬಗು. ಹಳದಿ ಕೊಕ್ಕು, ಬಿಳಿಯ ಮೈಯ ಮೇಲೆ ಕಪ್ಪಿನ ಚಿತ್ತಾರ, ಬೆನ್ನ ಹಿಂಭಾಗದಲ್ಲಿ ಗುಲಾಬಿಯ ಗರಿಗಳು. ಓಕುಳಿಯಾಡಿ ಬಂದು ನಿಂತಂತೆ ಕಾಣುತ್ತದೆ. ಇಷ್ಟೆಲ್ಲ ಚೆಲುವಿದ್ದರೂ ಬೆಳೆದ ಹಕ್ಕಿಗೆ ದನಿಯಿಲ್ಲ. ಕೊಕ್ಕನ್ನು ಪಟಪಟನೆ ಬಡಿಯುವುದೊಂದೇ ಅದರ ಮಾತು. ಇದರ ಬೇಟೆ ಕಣ್ಣಿನದಲ್ಲ, ಸ್ಪರ್ಶದ್ದು. ಅರೆತೆರೆದ ಕೊಕ್ಕನ್ನು ಕದಡಿದ ನೀರಿನಲ್ಲಿಟ್ಟು, ಅತ್ತಿತ್ತ ಆಡಿಸುತ್ತ, ಕಾಲಿನಿಂದ ಕೆಸರನ್ನು ಕೆದಕುತ್ತ ಹೋಗುತ್ತದೆ. ಮೀನೊಂದು ತಗುಲಿದ ಕ್ಷಣವೇ ಕೊಕ್ಕು ಮುಚ್ಚಿಕೊಳ್ಳುತ್ತದೆ. ಈ ವಿದ್ಯೆ ಆಳದ ನೀರಿನಲ್ಲಿ ನಡೆಯುವುದಿಲ್ಲ. ಕಾಲು ನೆಲಕ್ಕೆ ತಾಗಬೇಕು, ಕೊಕ್ಕು ಕೆಸರಿಗೆ ಎಟುಕಬೇಕು. ಪಕ್ಕದಲ್ಲಿ ಬಾಯ್ಕಳಕ ಕೊಕ್ಕರೆ. ಕೊಕ್ಕಿನ ಎರಡು ಭಾಗಗಳ ನಡುವೆ ಸಂದು ಬಿಟ್ಟುಕೊಂಡಿರುವ ಇದು ಬಸವನಹುಳುಗಳನ್ನು ತಿನ್ನುವುದರಲ್ಲಿ ನಿಸ್ಸೀಮ. ಬೂದು ಬಕ ಮಾತ್ರ ತಪಸ್ಸಿಗೆ ನಿಂತಂತೆ ನಿಂತಿರುತ್ತದೆ. ಅದರ ಧ್ಯಾನ ಎಂಥದೆಂಬುದು ಪಂಚತಂತ್ರ ಓದಿದವರಿಗೆಲ್ಲ ಗೊತ್ತು.

ಬೆಳ್ಳಕ್ಕಿಗಳನ್ನು ನಾವು ಅಗ್ಗದ ಹಕ್ಕಿಯೆಂದು ಕಡೆಗಣಿಸುತ್ತೇವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪಿನ ಹೆಂಗಸರ ಟೋಪಿಗಳ ಅಲಂಕಾರಕ್ಕಾಗಿ ಇವುಗಳ ಕುಚ್ಚುಗರಿಗಳಿಗೆ ದೊಡ್ಡ ವ್ಯಾಪಾರವಿತ್ತು. ಗೂಡು ಕಟ್ಟುವ ಕಾಲದಲ್ಲಿಯೇ ಆ ಗರಿಗಳು ಮೂಡುವುದರಿಂದ ತಾಯಿತಂದೆಗಳ ಜೊತೆಗೆ ಮರಿಗಳೂ ಸಾಯುತ್ತಿದ್ದವು. 1902ರಲ್ಲಿ ಬ್ರಿಟಿಷ್ ಭಾರತದಿಂದ ಗರಿಗಳ ರಫ್ತನ್ನು ನಿಷೇಧಿಸಲಾಯಿತು. ಇಂದು ನಮ್ಮ ಕಣ್ಣೆದುರಿಗೆ ಸಾಲಾಗಿ ಹಾರುವ ಬೆಳ್ಳಕ್ಕಿಗಳ ಹಿಂದೆ ಇಂಥದೊಂದು ಚರಿತ್ರೆಯುಂಟು.

ಮೂರನೆಯ ಪಂಕ್ತಿ ಕೆಸರಿನದು. ನೀರು ಇಳಿದು ಹೋದ ಅಂಚಿನಲ್ಲಿ ನಮಗೆ ಕಾಣುವುದು ರಾಡಿ, ನಾತ. ಹಕ್ಕಿಗೆ ಕಾಣುವುದು ಹುಳುಹುಪ್ಪಟೆಗಳ ಭಂಡಾರ. ಗುಲಾಬಿ ಬಣ್ಣದ ಕಡ್ಡಿಗಾಲುಗಳ ಮೇಲೆ ನಡೆಯುವ ಮೆಟ್ಟುಗಾಲು ಹಕ್ಕಿ, ಬಾಲವನ್ನು ಕುಣಿಸುತ್ತ ಓಡಾಡುವ ಸಿಪಿಲೆ, ಮೈಯನ್ನು ತೂಗುತ್ತ ಹೆಕ್ಕುವ ಗೊರವಗಳು, ಯಾರು ಬಂದರೂ ಊರಿಗೆಲ್ಲ ಸಾರಿ ಹೇಳುವ ಟಿಟ್ಟಿಭ, ಇವೆಲ್ಲವುಗಳ ಎಲೆ ಹಾಕಿರುವುದು ಅಲ್ಲಿಯೇ.

ನಾಲ್ಕನೆಯದು ಜೊಂಡು ಮತ್ತು ತೇಲುವ ಎಲೆಗಳ ಪಂಕ್ತಿ. ನೇರಳೆ ಬಣ್ಣದ ಮೈ, ಕೆಂಪು ಹಣೆಯ ಜಂಬುಕೋಳಿ ಜೊಂಡಿನ ದಂಟನ್ನು ಕಾಲಿನ ಬೆರಳುಗಳಿಂದ ಹಿಡಿದೆತ್ತಿ, ಮಗು ಕಬ್ಬು ತಿನ್ನುವಂತೆ ತಿನ್ನುವುದನ್ನು ನೋಡಬೇಕು. ಎಲೆಗಳ ಮೇಲೆ ಮುಳುಗದೆ ನಡೆಯುವ ದೇವನಕ್ಕಿಯ ಉದ್ದುದ್ದ ಬೆರಳುಗಳು ಅದರ ಭಾರವನ್ನು ಹಂಚಿಬಿಡುತ್ತವೆ. ಇದರ ಸಂಸಾರವಂತೂ ವಿಲಕ್ಷಣ. ಹೆಣ್ಣು ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡಿ, ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಕಾವು ಕೊಡುವುದು, ಮರಿಗಳನ್ನು ಸಾಕುವುದು ಎಲ್ಲ ಗಂಡಿನ ಪಾಲು. ಈ ಸಂಗತಿಯನ್ನು ಕೇಳಿದ ಗೃಹಿಣಿಯರು ಕೆರೆಯ ಕಡೆ ಸ್ವಲ್ಪ ಹೆಚ್ಚು ಗೌರವದಿಂದ ನೋಡುವುದನ್ನು ನಾನು ಕಂಡಿದ್ದೇನೆ.

ಕೊನೆಯದು ಮರಗಳ ಸಾಲು. ನೀರಿನ ಮೇಲಕ್ಕೆ ಬಾಗಿದ ಕೊಂಬೆಯಲ್ಲಿ ಮಿಂಚುಳ್ಳಿ. ಕೆರೆಯ ಮೇಲೆ ಬಟ್ಟಬಯಲಿನಲ್ಲಿ ರೆಕ್ಕೆ ಬಡಿಯುತ್ತ ನಿಂತು, ಕಲ್ಲಿನಂತೆ ಬೀಳುವ ಕಪ್ಪು ಬಿಳಿಯ ಮಿಂಚುಳ್ಳಿ. ಎತ್ತರದಲ್ಲಿ ಸುತ್ತುವ ಗರುಡ. ಕೆರೆಯ ನಡುವಿನ ನಡುಗಡ್ಡೆಯ ಮರಗಳು ಸಂಜೆಯ ಹೊತ್ತಿಗೆ ಹಕ್ಕಿಗಳ ಛತ್ರ. ದಡದ ಪೊದೆಗಳಲ್ಲಿ ಕೆಂಬೂತ, ಪಿಕಳಾರ, ಮುಂಗುಸಿ, ಅಳಿಲು, ಕೆಲವೊಮ್ಮೆ ನೀರಿಗಿಳಿಯುವ ನಿರ್ವಿಷಿಯಾದ ನೀರುಹಾವು. ಇವೂ ಆಹ್ವಾನಿತರೇ.

ಚಳಿಗಾಲದ ನೆಂಟರು

ದಸರಾ ಮುಗಿದು ಇಬ್ಬನಿ ಬೀಳತೊಡಗಿದಂತೆ ಕೆರೆಗೆ ದೂರದ ನೆಂಟರು ಬರುತ್ತಾರೆ. ಸಿಪಿಲೆ, ಗೊರವ, ಕವಲುತೋಕೆ, ಬಗೆಬಗೆಯ ಬಾತುಗಳಲ್ಲಿ ಅನೇಕವು ಹಿಮಾಲಯದ ಆಚೆಯಿಂದ ಬಂದವು. ಇವು ಮಾರ್ಚಿ, ಏಪ್ರಿಲ್ ತಿಂಗಳವರೆಗೆ ನಮ್ಮಲ್ಲಿದ್ದು ಮರಳುತ್ತವೆ. ಮೈಸೂರಿಗೆ ಸ್ವಲ್ಪ ದೂರದಲ್ಲಿರುವ, ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಟಿಬೆಟ್ಟು, ಮಂಗೋಲಿಯಾಗಳ ಎತ್ತರದ ಸರೋವರಗಳಲ್ಲಿ ಮರಿಮಾಡುವ ಈ ಹಕ್ಕಿಗಳು ಹಿಮಾಲಯವನ್ನು ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದುದು ಯಂತ್ರಗಳಿಂದ ದಾಖಲಾಗಿದೆ. ನಮ್ಮ ಹಳ್ಳಿಯ ಕೆರೆಯೊಂದರ ವಿಳಾಸ ಮಂಗೋಲಿಯದ ಹೆಬ್ಬಾತಿಗೆ ಬಾಯಿಪಾಠವಾಗಿದೆಯೆಂದರೆ ಅಚ್ಚರಿಯಲ್ಲವೆ?

ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಊರಿನ ಹಕ್ಕಿಗಳಾದ ಕೊಕ್ಕರೆ, ಹೆಜ್ಜಾರ್ಲೆಗಳ ಸಂಸಾರದ ಕಾಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಇವು ಮನೆಗಳ ನಡುವಿನ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ರಂಗನತಿಟ್ಟಿನಲ್ಲಿ ಇವುಗಳ ದೊಡ್ಡ ಸಂಸಾರವೇ ಉಂಟು. ಪಕ್ಷಿತಜ್ಞ ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅವರ ಸಲಹೆಯಂತೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮನ್ನಣೆಯನ್ನೂ ಪಡೆಯಿತು. ಆದರೆ ಪಕ್ಷಿಧಾಮಕ್ಕೆ ಬೇಲಿಯಿರಬಹುದು, ಹಕ್ಕಿಗಿಲ್ಲ. ಗೂಡು ಅಲ್ಲಿದ್ದರೂ ಮೀನು ಸುತ್ತಲಿನ ಕೆರೆಗಳಿಂದ ಬರಬೇಕು. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಮೊದಲಾದ ಊರ ಕೆರೆಗಳು ಬತ್ತಿದರೆ, ಕೆಟ್ಟರೆ, ಪಕ್ಷಿಧಾಮದ ಹೆಸರೊಂದೇ ಹಕ್ಕಿಯ ಹೊಟ್ಟೆ ತುಂಬಿಸದು.

ಪಂಕ್ತಿಭೇದ ಮಾಡುವವರು

ಇಷ್ಟು ಹೇಳಿದ ಮೇಲೆ ಒಂದು ನಿಷ್ಠುರದ ಮಾತನ್ನೂ ಆಡಬೇಕಾಗಿದೆ. ಕೆರೆಯನ್ನು ಪ್ರೀತಿಸದವರಿಂದ ಕೆರೆಗೆ ಬರುವ ಅಪಾಯ ಎಲ್ಲರಿಗೂ ಗೊತ್ತು. ಚರಂಡಿಯ ನೀರು ಸೇರುತ್ತದೆ. ಅದರ ಸಾರವನ್ನುಂಡು ಅಂತರಗಂಗೆಯಂಥ ಕಳೆ ಹಬ್ಬುತ್ತದೆ. ಕೊಳೆಯುವ ಕಸ ನೀರಿನ ಪ್ರಾಣವಾಯುವನ್ನು ಹೀರಿಬಿಡುತ್ತದೆ. ಒಂದು ಬೆಳಿಗ್ಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ನೀರು ತರುವ ಕಾಲುವೆಗಳ ಮೇಲೆ ಮನೆಗಳೆದ್ದರೆ ಕೆರೆ ಬಾಯಾರಿ ಸಾಯುತ್ತದೆ. ಇದೆಲ್ಲ ವೈರಿಗಳ ಕೆಲಸವೆಂದು ಎಲ್ಲರೂ ಒಪ್ಪುತ್ತಾರೆ.

ಆದರೆ ಕೆರೆಯನ್ನು ಪ್ರೀತಿಸುವವರಿಂದಲೂ ಅಪಾಯವುಂಟು. "ಏನು ಸ್ವಾಮಿ, ಕೆರೆ ಇಷ್ಟು ಕೊಳಕಾಗಿದೆಯಲ್ಲ! ಈ ಜೊಂಡನ್ನೆಲ್ಲ ಕಿತ್ತು, ಕೆಸರು ತೆಗೆದು, ಸುತ್ತ ಕಲ್ಲು ಕಟ್ಟಿ, ನಾಲ್ಕು ದೀಪ ಹಾಕಿ, ದೋಣಿ ಬಿಟ್ಟರೆ ಎಷ್ಟು ಚೆನ್ನ!" ಎಂದು ಏರಿಯ ಮೇಲೆ ನಡೆಯುವ ಸಜ್ಜನರು ಹೇಳುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ನಾವು ಈಗಷ್ಟೇ ನೋಡಿಬಂದ ಪಂಕ್ತಿಗಳನ್ನು ನೆನಪಿಗೆ ತಂದುಕೊಳ್ಳಿ. ಕೆಸರನ್ನು ತೆಗೆದರೆ ಮೂರನೆಯ ಪಂಕ್ತಿ ಎದ್ದುಹೋಯಿತು. ಜೊಂಡನ್ನು ಕಿತ್ತರೆ ನಾಲ್ಕನೆಯ ಪಂಕ್ತಿಗೆ ಎಲೆಯಿಲ್ಲ, ಗೂಡಿಲ್ಲ. ದಡವನ್ನು ಕಲ್ಲಿನ ಗೋಡೆಯಾಗಿ ನಿಲ್ಲಿಸಿ, ಕೆರೆಯನ್ನು ಬೋಗುಣಿಯಂತೆ ಒಂದೇ ಆಳಕ್ಕೆ ತೋಡಿದರೆ ಮೊಣಕಾಲುದ್ದ ನೀರೇ ಇಲ್ಲವಾಗಿ ಬಣ್ಣದ ಕೊಕ್ಕರೆ ಎಲ್ಲಿ ಕಾಲೂರಬೇಕು? ಒಣಮರ ನೋಡಲು ಚೆನ್ನಾಗಿಲ್ಲವೆಂದು ಕಡಿದರೆ ನೀರುಕಾಗೆ ರೆಕ್ಕೆ ಒಣಗಿಸುವುದೆಲ್ಲಿ? ಇರುಳೆಲ್ಲ ದೀಪ ಉರಿದರೆ ನಡುಗಡ್ಡೆಯ ಛತ್ರದಲ್ಲಿ ನಿದ್ರೆಯುಂಟೆ? ಕೊನೆಗೆ ಉಳಿಯುವವರು ಆಳದ ಈಜುಗಾರರು ಮಾತ್ರ. ಬೆಂಗಳೂರಿನ ಹಲವು ಕೆರೆಗಳನ್ನು ಜೀರ್ಣೋದ್ಧಾರದ ಹೆಸರಿನಲ್ಲಿ ಹೀಗೆ ಬೋಗುಣಿಗಳನ್ನಾಗಿ ಮಾಡಿದುದನ್ನು ಪಕ್ಷಿವೀಕ್ಷಕರು ಟೀಕಿಸಿದ್ದಾರೆ. ಅಲ್ಲಿ ನೀರು ತುಂಬಿರುತ್ತದೆ, ಹುಲ್ಲುಹಾಸು ಹಸುರಾಗಿರುತ್ತದೆ. ಅತಿಥಿಗಳು ಮಾತ್ರ ಕಡಮೆ.

ನಿಸರ್ಗ ಬಡಿಸಿದ ಊಟದಲ್ಲಿ ಎಲ್ಲರಿಗೂ ಜಾಗವಿತ್ತು. ಪಂಕ್ತಿಭೇದವನ್ನು ತಂದವರು ನಾವು. ಅದೂ ಅಂದದ ಹೆಸರಿನಲ್ಲಿ.

ಹಾಗಾದರೆ ಹೂಳನ್ನು ತೆಗೆಯಲೇ ಬಾರದೆ? ತೆಗೆಯಬೇಕು. ಇಲ್ಲವಾದರೆ ಕೆರೆ ಕ್ರಮೇಣ ತುಂಬಿ ಬಯಲಾದೀತು. ನಮ್ಮ ಹಿರಿಯರು ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಬೇಸಿಗೆಯಲ್ಲಿ ನೀರು ಇಳಿದಾಗ ರೈತರು ಗಾಡಿ ಕಟ್ಟಿಕೊಂಡು ಬಂದು ಕೆರೆಯ ಗೋಡನ್ನು ಹೊಲಗಳಿಗೆ ಸಾಗಿಸುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಆಳ ಸಿಕ್ಕಿತು. ಒಂದೇ ವರ್ಷಕ್ಕೆ ಇಡೀ ಕೆರೆಯ ತಳ ಕದಡುತ್ತಿರಲಿಲ್ಲ. ಅಲ್ಲೊಂದು ಹಳ್ಳ, ಇಲ್ಲೊಂದು ದಿಬ್ಬ, ಅಂಚಿನಲ್ಲಿ ಇಳಿಜಾರು ಎಲ್ಲವೂ ಉಳಿಯುತ್ತಿದ್ದವು. ನೀರು ಮಳೆಗಾಲದಲ್ಲಿ ಏರಿ, ಬೇಸಿಗೆಯಲ್ಲಿ ಇಳಿಯುವುದೇ ಕೆರೆಯ ಉಸಿರಾಟ. ಇಳಿಯುವ ನೀರಿನ ಹಿಂದೆ ಕೆಸರಿನ ಹೊಸ ಅಂಚು ತೆರೆದುಕೊಳ್ಳುತ್ತದೆ. ಆ ಅಂಚನ್ನು ಹಿಂಬಾಲಿಸಿ ಗೊರವಗಳು ನಡೆಯುತ್ತವೆ. ಉಳಿದ ನೀರಿನಲ್ಲಿ ಮೀನು ಒತ್ತಾಗಿ ಸೇರುವುದರಿಂದ ಮರಿಗಳಿರುವ ಕೊಕ್ಕರೆಗೆ ಬೇಟೆ ಸುಲಭವಾಗುತ್ತದೆ. ವರ್ಷವಿಡೀ ತುಂಬಿ ತುಳುಕಬೇಕೆಂಬುದು ನಮ್ಮ ಆಸೆ, ಹಕ್ಕಿಗಳದಲ್ಲ.

ಚರಂಡಿಯನ್ನು ತಪ್ಪಿಸಿ, ಮಳೆಯ ನೀರಿನ ಕಾಲುವೆಯನ್ನು ಬಿಡಿಸಿಕೊಡಿ. ಒಂದು ದಡವನ್ನು ನಡೆಯುವವರಿಗೆ ಕೊಟ್ಟು, ಇನ್ನೊಂದು ದಡವನ್ನು ಹಾಗೆಯೇ ಬಿಡಿ. ಗೋಡು ತೆಗೆಯುವಾಗ ಸ್ವಲ್ಪ ಸ್ವಲ್ಪವಾಗಿ, ಅಂಚಿನ ಇಳಿಜಾರನ್ನು ಉಳಿಸಿ ತೆಗೆಯಿರಿ. ಹಕ್ಕಿಗಳ ಅಹವಾಲು ಇಷ್ಟೆ. ಇದಕ್ಕೆ ದೊಡ್ಡ ಹಣ ಬೇಕಾಗಿಲ್ಲ, ಸ್ವಲ್ಪ ತಾಳ್ಮೆ ಬೇಕು.

ಕಾರಂಜಿಯ ಇನ್ನೊಂದು ಪಾಠ

ಕುಟುಂಬದೊಡನೆ ಬಂದವರು ಊರಿನ ಇನ್ನೊಂದು ದಿಕ್ಕಿನ ಕಾರಂಜಿ ಕೆರೆಯನ್ನೂ ನೋಡಬಹುದು. 1892ರಲ್ಲಿ ಸ್ಥಾಪಿತವಾದ ಮೃಗಾಲಯದ ಆಡಳಿತಕ್ಕೆ ಸೇರಿದ ಈ ಕೆರೆ, ಚಾಮುಂಡಿಬೆಟ್ಟದ ನೆರಳಿನಲ್ಲಿದೆ. ಅಲ್ಲಿ ದೋಣಿಯುಂಟು, ಚಿಟ್ಟೆಗಳ ಉದ್ಯಾನವುಂಟು, ಒಳಗೆ ನಡೆದಾಡುತ್ತ ನೋಡಬಹುದಾದ ದೊಡ್ಡ ಪಂಜರವುಂಟು, ಪಕ್ಕದಲ್ಲಿ ಪ್ರಕೃತಿ ವಿಜ್ಞಾನದ ವಸ್ತುಸಂಗ್ರಹಾಲಯವೂ ಉಂಟು. ಮಕ್ಕಳು ಪಂಜರದ ನವಿಲಿನ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ನಿಲ್ಲಲಿ, ಆದರೆ ಆಮೇಲೆ ಅವರನ್ನು ಕೈಹಿಡಿದು ಕೆರೆಯ ದಡಕ್ಕೆ ಕರೆತಂದು ನಡುಗಡ್ಡೆಯ ಕಡೆ ತೋರಿಸಬೇಕು. ಪಂಜರದ ಹಕ್ಕಿಗೆ ಕಾಳು ಹಾಕುವವರಿದ್ದಾರೆ. ಅದು ಎಲ್ಲಿಯೂ ಹೋಗಲಾರದು. ನಡುಗಡ್ಡೆಯ ಹೆಜ್ಜಾರ್ಲೆಗೆ ಎಲ್ಲಿಗೆ ಬೇಕಾದರೂ ಹೋಗುವ ರೆಕ್ಕೆಯುಂಟು, ಆದರೂ ಅದು ಇಲ್ಲಿಗೆ ಬಂದಿದೆ. ಹಾಗೆ ಬಂದಿರುವುದು ಒಂದು ಊರಿಗೆ ಸಿಗುವ ದೊಡ್ಡ ಪ್ರಶಸ್ತಿ. ಯಾವ ಮಂತ್ರಿಯೂ ಅದನ್ನು ಕೊಡಲಾರ. ನಾವು ಅಜಾಗರೂಕರಾದರೆ ಅದು ಒಂದು ಸಂಜೆ ಸದ್ದಿಲ್ಲದೆ ಹಾರಿಹೋಗುತ್ತದೆ.

ಹಕ್ಕಿಗಳಿಗೆ ಕಡಲೆಪುರಿ, ಬ್ರೆಡ್ಡು ಎಸೆಯುವುದು ದಾನವಲ್ಲ. ಅವಕ್ಕೆ ಅದು ಆಹಾರವಲ್ಲ, ನೀರಿಗೆ ಅದು ಕೊಳೆ. ದಾನ ಮಾಡಲೇಬೇಕೆನಿಸಿದರೆ ಎಣಿಕೆಯ ದಾನ ಮಾಡಬಹುದು. 1987ರಿಂದ ಏಷ್ಯಾದ ಹಲವು ದೇಶಗಳಲ್ಲಿ ಪ್ರತಿ ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಅದನ್ನು ನಡೆಸುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಹವ್ಯಾಸಿಗಳೇ. ಯಾವ ಕೆರೆಯಲ್ಲಿ ಯಾವ ಪಂಕ್ತಿ ಖಾಲಿಯಾಗುತ್ತಿದೆಯೆಂಬುದು ಇಂಥ ಎಣಿಕೆಯಿಂದಲೇ ತಿಳಿಯುವುದು. ಮನೆಯ ಮಕ್ಕಳಿಗೆ ಒಂದು ನೋಟುಪುಸ್ತಕ ಕೊಟ್ಟು, ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ಕುಳಿತು ಎಣಿಸಲು ಕಲಿಸಿದರೆ, ವರ್ಷ ಕಳೆಯುವಷ್ಟರಲ್ಲಿ ಅವರೇ ಆ ಕೆರೆಯ ಕರಣಿಕರಾಗಿರುತ್ತಾರೆ. ನಾಳೆ ಯಾರಾದರೂ ಕೆರೆಯನ್ನು ಅಂದಗೊಳಿಸಲು ಬಂದಾಗ, "ಇಲ್ಲಿ ಕೆಸರಿನಲ್ಲಿ ಇಂತಿಷ್ಟು ಹಕ್ಕಿ ಉಣ್ಣುತ್ತವೆ" ಎಂದು ಲೆಕ್ಕ ತೋರಿಸಬಲ್ಲವರು ಊರಿನಲ್ಲಿರಬೇಕಲ್ಲವೆ?

ನೂರ ಅರವತ್ತು ವರ್ಷಗಳ ಹಿಂದೆ ಕೆರೆ ಕಟ್ಟಿದವರಿಗೆ ಹಕ್ಕಿಯ ಯೋಚನೆಯಿರಲಿಲ್ಲ, ಭತ್ತದ ಯೋಚನೆಯಿತ್ತು. ಆದರೂ ಅವರು ಹಾಕಿದ ಎಲೆಗೆ ಹೆಜ್ಜಾರ್ಲೆಯೂ ಬಂತು, ಹಿಮಾಲಯದಾಚೆಯ ಸಿಪಿಲೆಯೂ ಬಂತು. ಭತ್ತದ ಗದ್ದೆಗಳು ಹೋದರೂ ಅತಿಥಿಗಳು ಬರುವುದನ್ನು ನಿಲ್ಲಿಸಿಲ್ಲ. ಬಂದ ಅತಿಥಿಯನ್ನು ಊಟದ ನಡುವೆ ಎಬ್ಬಿಸುವುದು ನಮ್ಮ ನಾಡಿನ ಸಂಪ್ರದಾಯವಲ್ಲ. ಬರುವ ಭಾನುವಾರ ಬೆಳಿಗ್ಗೆ ನಿಮ್ಮೂರಿನ ಕೆರೆಯ ಏರಿಯ ಮೇಲೆ ಅರ್ಧ ಗಂಟೆ ಕುಳಿತು, ಯಾರ ಎಲೆ ಎಲ್ಲಿದೆಯೆಂದು ನೀವೇ ನೋಡಿ.